ಬಿಚ್ಚಿಕೊಂಡಿತೆಂದ ಗಂಟು

ಗುತ್ತಿಗೆದಾರ ಮರದಿಂದ ಬಿದ್ದು ಸಾಯಲಿ ಎಂದು ನಾನು ಯಾವತ್ತೂ ಬಯಸಲಿಲ್ಲ. ಬಿದ್ದವನಿಗೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಎಲ್ಲ ಮುಗಿದುಹೋಗುತ್ತದೆ. ಅವನು ನೇತಾಡಬೇಕು, ನೇತಾಡುತ್ತಲೇ ಬಾಯಿ ಬಿಡಬೇಕು, ನಮ್ಮ ಕಸುಬಿನವರೆಲ್ಲ ಕೆಳಗೆ ನಿಂತು ಅದನ್ನು ಕೇಳಬೇಕು. ನನಗೆ ಬೇಕಾಗಿದ್ದದ್ದು ಅದು. ಅದಕ್ಕಾಗಿ ಅವನ ಗ್ಯಾಂಗಿಗೇ ಸೇರಿದೆ, ಅವನ ಟೆಂಪೊದಲ್ಲೇ ಓಡಾಡಿದೆ, ಅವನು ಕೊಡಿಸಿದ ಮಿರ್ಚಿ ಭಜಿ ತಿಂದೆ, ಅವನ ಹಳಸಲು ಚೇಷ್ಟೆಗಳಿಗೆ ಎಲ್ಲರಿಗಿಂತ ಜೋರಾಗಿ ನಕ್ಕೆ.

ನಾನು ಮರ ಹತ್ತುವವನು. ಮನೆಯ ಮೇಲೆ, ಕರೆಂಟಿನ ತಂತಿಯ ಮೇಲೆ, ಗೋದಾಮಿನ ತಗಡಿನ ಮೇಲೆ ಬಾಗಿ ನಿಂತ ಮರಗಳನ್ನು ತುದಿಯಿಂದ ತುಂಡು ತುಂಡಾಗಿ ಕಡಿದು, ಪ್ರತಿ ತುಂಡನ್ನೂ ಹಗ್ಗದಲ್ಲಿ ಕೆಳಗಿಳಿಸುವ ಕೆಲಸ ನನ್ನದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂರುಗಳಲ್ಲಿ ಇದನ್ನು ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರಿಗೂ ಎಲ್ಲರ ಸುದ್ದಿ ಗೊತ್ತು, ಯಾರ ಕೈ ಎಂಥದು ಎಂಬುದೂ ಗೊತ್ತು.

ನನಗೆ ಕಲಿಸಿದವರು ನನ್ನ ಅಕ್ಕನ ಗಂಡ. ನಮ್ಮ ಎರಡೂ ಮನೆಗಳದ್ದು ಹುಣಸೆ ಮರಗಳನ್ನು ಗುತ್ತಿಗೆ ಹಿಡಿದು ಕಾಯಿ ಬಡಿಯುವ ಕಸುಬು. ಬರಿಗಾಲಲ್ಲಿ ಹತ್ತುತ್ತಿದ್ದೆವು, ಕೊಂಬೆ ತಬ್ಬಿಕೊಂಡು ಇಳಿಯುತ್ತಿದ್ದೆವು. ಭಾವ ಮಾತ್ರ ಒಂದು ಮಳೆಗಾಲ ಕರಾವಳಿಯ ಕಡೆ ಹೋಗಿ, ಬೆಲ್ಟು ಮತ್ತು ಹಗ್ಗದ ಮೇಲೆ ಹತ್ತುವ ಹೊಸ ರೀತಿಯನ್ನು ಕಲಿತು ಬಂದರು. ಬಂದವರೇ ನನ್ನನ್ನು ಹಿಡಿದು ಕೂರಿಸಿದರು.

ಅವರ ಕಲಿಸುವಿಕೆ ಅಂದರೆ ಶುದ್ಧ ಹಿಂಸೆ. ಮರಳು ತುಂಬಿದ ಸಣ್ಣ ಚೀಲಕ್ಕೆ ತೆಳ್ಳನೆ ದಾರ ಕಟ್ಟಿ, ಅದನ್ನು ತೂಗಿ ಎಸೆದು, ಅವರು ತೋರಿಸಿದ ಕವಲಿನೊಳಗೇ ದಾಟಿಸಬೇಕು. ಪಕ್ಕದ ಕವಲಿಗೆ ಹೋದರೆ ಮತ್ತೆ ಎಸೆಯಬೇಕು. ದಾರದ ಹಿಂದೆ ಹಗ್ಗ ಎಳೆದುಕೊಂಡ ಮೇಲೆ ಅದರ ತುದಿಯನ್ನು ಸೊಂಟದ ಬೆಲ್ಟಿಗೆ ಕಟ್ಟುವುದು ಎಂಟರ ಗಂಟಿನಿಂದ. ಹಗ್ಗದಲ್ಲಿ ಇಂಗ್ಲಿಷ್ ಎಂಟರ ಆಕಾರ ಮಾಡಿ, ತುದಿಯನ್ನು ಬೆಲ್ಟಿನ ಬಳೆಯೊಳಗೆ ತೂರಿಸಿ, ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕರೆದೊಯ್ಯಬೇಕು. ಎಳೆಗಳು ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಪಕ್ಕಪಕ್ಕದಲ್ಲೇ ನಡೆಯಬೇಕು, ಒಂದರ ಮೇಲೊಂದು ಹತ್ತಿದರೆ ಭಾವ ಬಾಯಿ ಬಿಡದೆ ಬಿಚ್ಚಿ ಬಿಸಾಕುತ್ತಿದ್ದರು. ಕಣ್ಣು ಮುಚ್ಚಿ ಕಟ್ಟು ಎನ್ನುತ್ತಿದ್ದರು. ಒದ್ದೆ ಕೈಯಲ್ಲಿ ಕಟ್ಟು ಎನ್ನುತ್ತಿದ್ದರು. ಅಕ್ಕ ಕರೆದರೆ ಅವಳಿಗೆ ಉತ್ತರ ಕೊಡುತ್ತ ಕಟ್ಟು ಎನ್ನುತ್ತಿದ್ದರು.

ಹೊಸ ರೀತಿ ಬಂದರೂ ಹುಣಸೆ ಮರದ ಕಾಲದ ಒಂದು ಪದ್ಧತಿಯನ್ನು ಅವರು ಬಿಟ್ಟಿರಲಿಲ್ಲ. ಅದಕ್ಕೆ ನಮ್ಮಲ್ಲಿ ತೂಕ ಕೊಡುವುದು ಎನ್ನುತ್ತಾರೆ. ಹಗ್ಗ ಯಾರದೋ ಅವರೇ ಮೊದಲು ಅದರಲ್ಲಿ ತೂಗಬೇಕು. ಮಾಲೀಕ ಬೆಲ್ಟು ಹಾಕಿಕೊಂಡು ಒಂದು ಆಳೆತ್ತರ ಮೇಲೇರಿ, ಕುಲುಕಿ, ಕೆಳಗಿಳಿದು ಹಗ್ಗವನ್ನು ಹತ್ತುವವನ ಕೈಗೆ ಕೊಡಬೇಕು. ಹರಿಯುವುದಿದ್ದರೆ ಅಲ್ಲೇ ಹರಿಯಲಿ, ಹರಿದರೆ ಮಾಲೀಕನ ಕುಂಡೆಯೇ ನೋಯಲಿ ಎಂಬುದು ಅದರ ಅರ್ಥ.

ಗುತ್ತಿಗೆದಾರ ಈ ಕಸುಬಿನವನಲ್ಲ. ಮೊದಲು ಟ್ರ್ಯಾಕ್ಟರ್ ಬಾಡಿಗೆಗೆ ಬಿಡುತ್ತಿದ್ದ. ಮರ ಕಡಿಸುವುದರಲ್ಲಿ ಲಾಭ ಕಂಡು ಒಂದು ಟೆಂಪೊ, ಎರಡು ಗರಗಸದ ಮಷಿನ್ನು, ಒಂದಿಷ್ಟು ಹಗ್ಗ ತಂದು ಗ್ಯಾಂಗು ಕಟ್ಟಿದ. ಇಸ್ತ್ರಿಯ ಬಿಳಿ ಅಂಗಿಯಲ್ಲಿ ಬಂದು, ನೆರಳಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದ. ಹಗ್ಗವನ್ನು ಕೈಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ. ತೂಕ ಕೊಡುವ ಪದ್ಧತಿಯನ್ನು ಬಂದ ವರ್ಷವೇ ನಿಲ್ಲಿಸಿದ. ಅದು ಹೊತ್ತುಗಳೆಯುವ ಕೆಲಸವಂತೆ, ಗಿರಾಕಿಗಳು ನಗುತ್ತಾರಂತೆ. ಭಾವನಿಗೆ ಮನಸ್ಸಿರಲಿಲ್ಲ, ಆದರೆ ಮೂರೂ ಊರಿನ ದೊಡ್ಡ ಕೆಲಸಗಳೆಲ್ಲ ಅವನ ಕೈಗೆ ಹೋಗಿದ್ದರಿಂದ ಸುಮ್ಮನಾದರು.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಪಕ್ಕದ ನೀಲಗಿರಿಯಲ್ಲಿ ಭಾವ ಬಿದ್ದ ದಿನ ನಾನು ರಾಣೆಬೆನ್ನೂರಿನಲ್ಲಿ ಬೇರೆ ಕೆಲಸದ ಮೇಲಿದ್ದೆ. ಫೋನು ಬಂದು ಆಸ್ಪತ್ರೆಗೆ ಓಡುವಷ್ಟರಲ್ಲಿ ಅವರನ್ನು ಒಳಗೆ ಕರೆದೊಯ್ದಿದ್ದರು. ಸೊಂಟ ಮುರಿದಿತ್ತು, ಬೆನ್ನಿಗೂ ಪೆಟ್ಟಾಗಿತ್ತು. ಬದುಕಿದರು. ಈಗ ಎರಡು ಕೋಲು ಹಿಡಿದು ನಡೆಯುತ್ತಾರೆ, ಮರ ಹತ್ತುವ ಮಾತಿಲ್ಲ. ಎಚ್ಚರವಾದ ಕೂಡಲೇ ಅವರು ನನಗೆ ಹೇಳಿದ್ದು ಒಂದೇ ಮಾತು.

"ಗಂಟು ನಿಂತಿತ್ತು. ಹಗ್ಗ ಹೋತು."

ಅಷ್ಟರಲ್ಲಿ ಹೊರಗೆ ಬೇರೆಯೇ ಸುದ್ದಿ ಹಬ್ಬಿತ್ತು. ಎಲ್ಲರೂ ಭಾವನನ್ನು ಟೆಂಪೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಾಗ ಗುತ್ತಿಗೆದಾರ ಒಬ್ಬನೇ ಮರದ ಬಳಿ ಉಳಿದಿದ್ದ. ಮರದಲ್ಲಿ ಜೋತುಬಿದ್ದಿದ್ದ ಹಗ್ಗವನ್ನು ಅವನೇ ಎಳೆದುಕೊಂಡ. ಮರುದಿನ ನಾನು ಹೋಗಿ ನೋಡಿದರೆ ಅದರ ತುದಿಯನ್ನು ನೀಟಾಗಿ ಕತ್ತರಿಸಿ, ಎಳೆ ಬಿಡದ ಹಾಗೆ ಲೈಟರಿನಿಂದ ಸುಟ್ಟು ಮುಚ್ಚಿತ್ತು. ಯಾಕೆ ಕತ್ತರಿಸಿದಿರಿ ಎಂದೆ. ತುದಿ ಸವೆದಿತ್ತು ಎಂದ. ಬಂದವರಿಗೆಲ್ಲ ಅವನು ಹೇಳಿದ್ದು, ಪಾಪ, ಗಂಟು ಬಿಚ್ಚಿಕೊಂಡು ಬಿದ್ದರು ಎಂದು. ಆ ಪಾಪ ಎಂಬ ಮಾತು ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯವರು ಭಾವನ ಬೆಲ್ಟನ್ನು ಕತ್ತರಿಯಿಂದ ಕೊಯ್ದು ತೆಗೆದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಕ್ಕನ ಕೈಗೆ ಕೊಟ್ಟಿದ್ದರು. ಮನೆಯಲ್ಲಿ ಅದನ್ನು ತೆರೆದಾಗ ಎಂಟರ ಗಂಟು ಬಳೆಯಲ್ಲಿ ಹಾಗೇ ಕೂತಿತ್ತು. ಎಳೆಗಳು ಪಕ್ಕಪಕ್ಕದಲ್ಲೇ ಇದ್ದವು. ಗಂಟಿನಿಂದ ಮೇಲಕ್ಕೆ ಒಂದು ಮೊಳ ಹಗ್ಗ ಉಳಿದು, ಅಲ್ಲಿ ಹರಿದಿತ್ತು. ಆ ತುದಿಯನ್ನು ಬೆರಳಲ್ಲಿ ತಿಕ್ಕಿದರೆ ಎಳೆಗಳು ಒಣ ಮೆಣಸಿನಕಾಯಿಯ ತೊಟ್ಟಿನ ಹಾಗೆ ಪಟಪಟ ಮುರಿದವು. ಮರಕ್ಕೆ ತಿಕ್ಕಿ ಸವೆದ ಹಗ್ಗ ಹಾಗಿರುವುದಿಲ್ಲ, ಅದು ಹತ್ತಿಯ ಹಾಗೆ ಎಳೆ ಬಿಟ್ಟು ಉಬ್ಬಿರುತ್ತದೆ. ಇದನ್ನು ಏನೋ ತಿಂದಿತ್ತು.

ನಾನು ಮೂರ್ಖನ ಹಾಗೆ ಆ ಬೆಲ್ಟನ್ನು ಹೊತ್ತುಕೊಂಡು ಮನೆ ಮನೆ ತಿರುಗಿದೆ. ಗುತ್ತಿಗೆದಾರ ನಕ್ಕುಬಿಟ್ಟ. ಗಂಟನ್ನು ಮನೆಯಲ್ಲಿ ಕೂತು ಯಾರು ಬೇಕಾದರೂ ಕಟ್ಟಬಹುದು, ಹಗ್ಗದ ತುಂಡು ಎಲ್ಲಿ ಬೇಕಾದರೂ ಸಿಗುತ್ತದೆ ಎಂದ. ಆಮೇಲೆ ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಹಗ್ಗಾ ಇನ್ನೂ ನನ್ನ ಕಡೇನ ಐತಿ. ಆನಿ ಕಟ್ಟಿದ್ರೂ ತಡೀತೈತಿ. ಗಂಟ ಬಿಚ್ಚಿದ್ರ ಹಗ್ಗಾ ಏನ್ ಮಾಡ್ಬೇಕ್ರಿ?"

ಆಸ್ಪತ್ರೆಯ ಖರ್ಚನ್ನು ಅವನೇ ನೋಡಿಕೊಂಡಿದ್ದರಿಂದ ಊರಲ್ಲಿ ಅವನಿಗೆ ದೊಡ್ಡ ಮನುಷ್ಯ ಎಂಬ ಹೆಸರೂ ಬಂತು. ನನಗೆ ಅವನ ಕೊರಳು ಹಿಸುಕುವ ಆಸೆ ಮೊದಲು ಹುಟ್ಟಿದ್ದು ಆಗ. ಆದರೆ ಅದು ಗಟ್ಟಿಯಾದದ್ದು ಇನ್ನೊಂದು ದಿನ.

ಹತ್ತಲಾಗದಿದ್ದರೂ ಭಾವ ಕೆಳಗೆ ಕೂತು ಮಾಡಬಹುದಾದ ಕೆಲಸ ಒಂದಿತ್ತು. ದೊಡ್ಡ ಗ್ಯಾಂಗುಗಳಲ್ಲಿ ಹತ್ತುವ ಮುಂಚೆ ಪ್ರತಿಯೊಬ್ಬನ ಗಂಟು, ಕೊಂಡಿ, ಹಗ್ಗ ನೋಡಿ ಸೈ ಅನ್ನುವ ಒಬ್ಬ ಅನುಭವಸ್ಥ ಇರುತ್ತಾನೆ. ರಾಣೆಬೆನ್ನೂರಿನ ಗ್ಯಾಂಗಿನಲ್ಲಿ ಅಂಥವರು ಬೇಕಾಗಿದ್ದರು. ಆ ಗ್ಯಾಂಗು ನಡೆಸುವ ಹಿರಿಯರು ನಮ್ಮ ಮೂರೂ ಊರಿನ ಹತ್ತುವವರಲ್ಲಿ ವಯಸ್ಸಿನಲ್ಲೂ ಮಾತಿನಲ್ಲೂ ದೊಡ್ಡವರು. ಅವರು ಹೂಂ ಎಂದರೆ ಎಲ್ಲರದೂ ಹೂಂ. ಭಾವ ಎರಡು ಕೋಲು ಊರಿಕೊಂಡು, ಬಸ್ಸು ಹತ್ತಿ ಇಳಿದು, ಅವರ ಮನೆ ಬಾಗಿಲಿಗೆ ಹೋಗಿ ಆ ಕೆಲಸ ಕೇಳಿದರು. ಜೊತೆಗೆ ನಾನಿದ್ದೆ. ಹಿರಿಯರು ಭಾವನ ಮುಖ ನೋಡದೆ ನನಗೆ ಹೇಳಿದರು.

"ಬಿಚ್ಚಿದ ಗಂಟಿನ ಕೈ ಅದು. ನಮ್ಮ ಹುಡುಗ್ರ ಜೀವಾ ಆ ಕೈಯಾಗ ಹೆಂಗ ಕೊಡ್ಲಿ?"

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ತಿರುಗಿ ಕೂತರು. ಮನೆಗೆ ಬಂದ ಮೇಲೆ ಮಂಚದ ಕಾಲಿಗೆ ಯಾವಾಗಲೂ ಸಿಕ್ಕಿಸಿಟ್ಟಿರುತ್ತಿದ್ದ ಅಭ್ಯಾಸದ ಹಗ್ಗವನ್ನು ಬಿಚ್ಚಿ ಅಕ್ಕನಿಗೆ ಕೊಟ್ಟು, ಬಟ್ಟೆ ಒಣಹಾಕಲು ಬಳಸು ಎಂದರು. ಅಕ್ಕ, ಅಲ್ಲಾ ನೋಡ್ಕೋತಾನ ಎಂದಳು. ಅಲ್ಲಾ ನೋಡಿಕೊಳ್ಳಲಿ, ಅದಕ್ಕೆ ಮುಂಚೆ ನಾನೂ ಸ್ವಲ್ಪ ನೋಡಿಕೊಳ್ಳುತ್ತೇನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮುಂದಿನ ವಾರ ಗುತ್ತಿಗೆದಾರನ ಬಳಿ ಹೋಗಿ ಕೆಲಸ ಕೇಳಿದೆ. ಅವನಿಗೆ ಖುಷಿಯೋ ಖುಷಿ. ಎತ್ತರದ ಕೆಲಸಕ್ಕೆ ಅವನ ಬಳಿ ಜನ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಿದ್ದವನ ಹೆಂಡತಿಯ ಸ್ವಂತ ತಮ್ಮನೇ ಬಂದು ಸೇರಿದ್ದಾನೆ, ತಪ್ಪು ನನ್ನದಾಗಿದ್ದರೆ ಅವನು ಬರುತ್ತಿದ್ದನೇ ಎಂದು ಹೇಳಿಕೊಂಡು ತಿರುಗಿದ. ಆ ಮಾತು ಮನೆಗೂ ಮುಟ್ಟಿತು. ಅಕ್ಕ ನನ್ನೊಡನೆ ಮಾತು ಬಿಟ್ಟಳು. ಹಬ್ಬದ ದಿನ ಮನೆಗೆ ಹೋದರೆ ತಟ್ಟೆಯನ್ನು ಸದ್ದಾಗುವ ಹಾಗೆ ಮುಂದಿಟ್ಟು ಒಳಗೆ ಹೋದಳು. ನಾನು ಏನನ್ನೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಭಾವನಿಗೆ ಹೇಳುತ್ತಾಳೆ, ಭಾವ ನನ್ನನ್ನು ತಡೆಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅವರು ಸೊಳ್ಳೆ ಹೊಡೆಯಲಿಕ್ಕೂ ಹಿಂದೆ ಮುಂದೆ ನೋಡುವ ಮನುಷ್ಯ.

ಗ್ಯಾಂಗಿನಲ್ಲಿ ಮೊದಲು ನಾನು ಹುಡುಕಿದ್ದು ಹಗ್ಗವನ್ನು ತಿಂದದ್ದು ಏನು ಎಂಬುದನ್ನು. ಅದನ್ನು ಹೇಳಿದವನು ಟೆಂಪೊ ಡ್ರೈವರ್. ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸವೂ ಅವನದೇ. ಕಾಗಿನೆಲೆಯ ರಸ್ತೆಯಲ್ಲಿ ಒಂದು ಹುಣಸೆ ಕೊಂಬೆ ಇಳಿಸುವಾಗ ಅವನು ಕಾಂಡಕ್ಕೆ ಹಗ್ಗ ಸುತ್ತಿದ್ದು ಕಡಿಮೆಯಾಗಿ ಕೊಂಬೆ ಜಾರಿ ಅವನ ಮೇಲೇ ಬರುತ್ತಿತ್ತು. ಮೇಲಿದ್ದ ನಾನು ಹಗ್ಗವನ್ನು ಕವಲಿಗೆ ಸಿಕ್ಕಿಸಿ ತಡೆದೆ. ಕೆಳಗಿಳಿದಾಗ ಅವನು ನನ್ನ ಪಕ್ಕದಲ್ಲಿ ಕೂತು, ಯಾರಿಗೂ ಹೇಳಬೇಡಿರೆಂದು ಹೇಳಿ, ಹೇಳಿಬಿಟ್ಟ.

"ಟೆಂಪೊದಾಗ ಬ್ಯಾಟರಿ ಮಗ್ಗಲಾಗಿ ಬಿದ್ದಿತ್ತ್ರಿ. ಹಗ್ಗದ ಚೀಲಾ ಅದರ ಕೆಳಗ ಇತ್ತು. ಮಾಲಕ್ರಿಗೆ ಹೇಳಿದೆ. ತೊಳದ ಒಣಗ್ಸು ಅಂದ್ರು. ಮರುದಿನಾನ ನಿಮ್ಮ ಭಾವ ಏರಿದ್ರು."

ಭಾವ ನನಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು. ನೈಲಾನ್ ಹಗ್ಗಕ್ಕೆ ಬಿಸಿಲಿಗಿಂತ, ಮರದ ಅಂಚಿಗಿಂತ ದೊಡ್ಡ ಶತ್ರು ಬ್ಯಾಟರಿಯ ಆಸಿಡ್. ತಾಗಿದ ಜಾಗ ಕಣ್ಣಿಗೆ ಕಾಣುವುದಿಲ್ಲ, ಬಣ್ಣವೂ ಅಷ್ಟಾಗಿ ಹೋಗುವುದಿಲ್ಲ, ತೊಳೆದರೆ ಹೋಗುವಂಥದೂ ಅಲ್ಲ. ಚೀಲಕ್ಕೆ ಹಗ್ಗ ತುಂಬುವಾಗ ಒಂದು ತುದಿ ತಳಕ್ಕೆ ಹೋಗುತ್ತದೆ. ತಳಕ್ಕೆ ಸೋರಿದ ಆಸಿಡ್ ಆ ತುದಿಯನ್ನು ತಿಂದಿತ್ತು, ಭಾವ ಕಟ್ಟಿಕೊಂಡದ್ದು ಅದೇ ತುದಿಯನ್ನು. ಅವತ್ತು ಮಾಲೀಕ ತೂಕ ಕೊಟ್ಟಿದ್ದರೆ ಒಂದು ಆಳೆತ್ತರದಲ್ಲಿ ಹರಿದು, ಬಿಳಿ ಪ್ಯಾಂಟಿಗೆ ಮಣ್ಣಾಗುತ್ತಿತ್ತು, ಅಷ್ಟೇ.

ಎಲ್ಲರ ಮುಂದೆ ಇದನ್ನು ಹೇಳುತ್ತೀಯಾ ಎಂದು ಡ್ರೈವರನನ್ನು ಕೇಳಿದೆ. ಅವನ ಸಂಸಾರ ಇರುವುದು ಗುತ್ತಿಗೆದಾರನದೇ ಮನೆಯಲ್ಲಿ. ತಲೆ ತಗ್ಗಿಸಿದ. ನಾನು ಒತ್ತಾಯಿಸಲಿಲ್ಲ. ಸಾಕ್ಷಿ ಗುತ್ತಿಗೆದಾರನ ಬಾಯಿಂದಲೇ ಬರಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಅವನೇ ಚಹಾದಂಗಡಿಯಲ್ಲಿ ಹೊಗಳಿದ ಹಗ್ಗ, ಅವನೇ ಬಿಚ್ಚಿತೆಂದು ದೂರಿದ ಗಂಟು, ಎರಡರಲ್ಲೂ ಅವನನ್ನು ತೂಗಿಸಬೇಕು.

ಅದಕ್ಕೆ ತಕ್ಕ ಮರ ಬ್ಯಾಡಗಿಯಲ್ಲೇ ಸಿಕ್ಕಿತು. ಎರಡು ಕೋಲ್ಡ್ ಸ್ಟೋರೇಜುಗಳ ನಡುವೆ ಬೆಳೆದ ಹಳೆಯ ಮಳೆಮರ. ಒಂದು ಕವಲು ಪೂರ್ತಿ ತಗಡಿನ ಮೇಲೆ ಮಲಗಿತ್ತು. ಹೊಸ ಮೆಣಸಿನಕಾಯಿ ಬರುವ ಮುಂಚೆ ಅದನ್ನು ತೆಗೆಸಬೇಕು ಎಂದು ಸ್ಟೋರೇಜಿನ ಮಾಲೀಕರ ಅವಸರ. ಒಂದು ಗ್ಯಾಂಗಿಗೆ ಆಗುವ ಕೆಲಸವಲ್ಲ. ರಾಣೆಬೆನ್ನೂರಿನ ಹಿರಿಯರ ಗ್ಯಾಂಗನ್ನೂ ಹಾವೇರಿಯ ಹತ್ತುವವರನ್ನೂ ಕರೆಸಿದರೆ ಮಾತ್ರ ಮೇಲೆ ಹೋಗುತ್ತೇನೆ ಎಂದೆ. ಗುತ್ತಿಗೆದಾರ ಒಪ್ಪಿದ. ಕಸುಬಿನವರೆಲ್ಲ ಒಂದೇ ಮರದ ಕೆಳಗೆ ಸೇರುತ್ತಾರೆಂದು ಅವನಿಗೆ ಹೆಮ್ಮೆಯೇ ಆಯಿತು.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಆ ಹಳೆಯ ಕೆಂಪು ಹಗ್ಗವನ್ನು ಅವನು ದಿಮ್ಮಿ ಇಳಿಸಲು ಇಟ್ಟುಕೊಂಡಿದ್ದ. ಕೆಟ್ಟ ತುದಿ ಹೋಗಿತ್ತು, ಉಳಿದದ್ದನ್ನು ನಾನು ಗೇಣು ಗೇಣಾಗಿ ಬಗ್ಗಿಸಿ ನೋಡಿದ್ದೆ, ಭಾರವಾದ ದಿಮ್ಮಿ ಕಟ್ಟಿ ಬೀಳಿಸಿಯೂ ನೋಡಿದ್ದೆ. ತಡೆದಿತ್ತು. ಆದರೂ ಆಸಿಡ್ಡಿನ ಪಕ್ಕ ಮಲಗಿದ್ದ ಹಗ್ಗವನ್ನು ನಂಬುವಂತಿರಲಿಲ್ಲ. ಅವನು ತನ್ನ ಹಗ್ಗದಲ್ಲೇ ತೂಗಿ ಬೀಳಲಿ, ಅವನ ಸೊಂಟವೂ ಮುರಿಯಲಿ, ಅವನೂ ಎರಡು ಕೋಲು ಹಿಡಿಯಲಿ ಎಂದು ನನ್ನ ಒಳಗಿನವನು ಕುಣಿಯುತ್ತಿದ್ದ. ಆದರೆ ಅವನು ಬಾಯಿ ಬಿಡುವ ಮುಂಚೆ ಬಿದ್ದರೆ ಭಾವನ ಗಂಟಿಗೆ ಎರಡನೆಯ ಕಳಂಕ. ಭಾವನ ಕೈ ಕಟ್ಟಿದ ಇನ್ನೊಂದು ಗಂಟೂ ಬಿಚ್ಚಿತು ಎಂದು ಜನ ಹೇಳುತ್ತಾರೆ. ಅವನು ಬದುಕಿರಬೇಕಾಗಿದ್ದದ್ದು ಅದಕ್ಕೆ, ಅವನ ಮೇಲಿನ ಕರುಣೆಯಿಂದಲ್ಲ.

ನನ್ನ ಸ್ವಂತ ಹಗ್ಗವೂ ಅದೇ ಅಂಗಡಿಯದು, ಅದೇ ಕೆಂಪು, ಅಷ್ಟೇ ದಪ್ಪ. ನನ್ನ ಪ್ರಾಣವನ್ನು ದಿನಾ ಹೊರುತ್ತಿದ್ದ, ಮಣ್ಣುಗಟ್ಟಿದ, ಗಟ್ಟಿಮುಟ್ಟಾದ ಹಗ್ಗ. ಕೆಲಸದ ದಿನ ಬೆಳಿಗ್ಗೆ ಟೆಂಪೊದ ಹಿಂದೆ ನಿಂತು ಅವನ ಹಗ್ಗವನ್ನು ನನ್ನ ಚೀಲಕ್ಕೂ ನನ್ನದನ್ನು ಅವನ ಚೀಲಕ್ಕೂ ತುಂಬಿದೆ. ಡ್ರೈವರ್ ಅದನ್ನು ನೋಡಿದ. ರಸ್ತೆಯ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ. ಹಗ್ಗವನ್ನೇ ಮುಟ್ಟದ ಗುತ್ತಿಗೆದಾರನಿಗೆ ವ್ಯತ್ಯಾಸ ಗೊತ್ತಾಗುತ್ತದೆಂಬ ಹೆದರಿಕೆ ನನಗಿರಲಿಲ್ಲ.

ಆಮೇಲೆ ಭಾವನನ್ನು ಕರೆತರಲು ಆಟೊ ತೆಗೆದುಕೊಂಡು ಹೋದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಅವನ ಗುಲಾಮಗಿರಿ ಸಾಲದೆಂದು ಇವರನ್ನೂ ಅವನ ಮುಂದೆ ನಿಲ್ಲಿಸಲು ಬಂದೆಯಾ ಎಂದು ಕೇಳಿದಳು. ಇದೊಂದು ದಿನ ಕಳಿಸು, ಆಮೇಲೆ ಜೀವಮಾನ ಮಾತಾಡಿಸಬೇಡ ಎಂದೆ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಭಾವ ಕೋಲು ಊರಿಕೊಂಡು ತಾವೇ ಹೊರಗೆ ಬಂದರು.

ಮಳೆಮರದ ಕೆಳಗೆ ಎಲ್ಲರೂ ಸೇರಿದ್ದರು. ಭಾವನನ್ನು ಒಂದು ಕ್ರೇಟಿನ ಮೇಲೆ ಕೂರಿಸಿದೆ. ಹಿರಿಯರು ಇವರ ಕಡೆ ಒಮ್ಮೆ ನೋಡಿ ಮರದ ಕಡೆ ತಿರುಗಿದರು. ನಾನು ದಾರ ಎಸೆದೆ. ಮೊದಲ ಎಸೆತಕ್ಕೇ ಬೇಕಾದ ಕವಲಿನಲ್ಲಿ ಹೋಯಿತು. ಹಗ್ಗ ಎಳೆದು ಮೇಲೆ ರಾಟೆ ಕೂರಿಸಿ, ಒಂದು ತುದಿಯನ್ನು ಕೆಳಗಿಳಿಸಿ, ಇನ್ನೊಂದನ್ನು ಕಾಂಡಕ್ಕೆ ಸುತ್ತಿ ಹಿಡಿದೆ. ಕಾಂಡಕ್ಕೆ ಮೂರು ಸುತ್ತು ಹಾಕಿದರೆ ಎಂಥ ಭಾರವನ್ನೂ ಒಂದೇ ಕೈಯಲ್ಲಿ ತಡೆಯಬಹುದು. ಸುತ್ತು ಬಿಡಿಸಿದಷ್ಟೂ ಹಗ್ಗ ಜಾರುತ್ತದೆ. ಎಲ್ಲ ಸಿದ್ಧವಾದ ಮೇಲೆ ಬೆಲ್ಟನ್ನು ಗುತ್ತಿಗೆದಾರನ ಮುಂದೆ ಹಿಡಿದೆ.

"ದೊಡ್ಡ ಮರಾ ಐತ್ರಿ ಮಾಲಕ್ರ. ಹಿರೇರ ಪದ್ಧತಿ ಪ್ರಕಾರ ತೂಕಾ ಕೊಡ್ರಿ. ಆನಿ ತಡಿಯೂ ಹಗ್ಗ ಅಂದೀರಲ್ಲ, ಅದನ್ನ ಹಾಕೇನಿ."

ಅವನು ನಕ್ಕ. ಯಾರೂ ನಗಲಿಲ್ಲ. ಹಿರಿಯರು, ಪದ್ಧತಿ ಒಳ್ಳೆಯದೇ, ನಮ್ಮ ಗ್ಯಾಂಗಿನಲ್ಲಿ ಇನ್ನೂ ನಡೆಯುತ್ತದೆ ಎಂದರು. ಸ್ಟೋರೇಜಿನ ಹಮಾಲರು ಕೂಡ ಬಂದು ನಿಂತಿದ್ದರು. ಅಷ್ಟು ಜನರೆದುರು ಒಂದು ಆಳೆತ್ತರಕ್ಕೆ ಹೆದರಿದೆ ಎಂದು ಹೇಳುವುದು ಅವನ ಬಿಳಿ ಅಂಗಿಗೆ ಸಾಧ್ಯವಿರಲಿಲ್ಲ. ಬೆಲ್ಟು ಹಾಕಿಕೊಂಡ. ನಾನು ಹಗ್ಗದ ತುದಿಯನ್ನು ಭಾವನ ಕೈಗೆ ಕೊಟ್ಟೆ.

ಭಾವ ಹಗ್ಗವನ್ನು ಬೆರಳ ನಡುವೆ ತಿರುಗಿಸಿದರು. ಅದು ಯಾರ ಹಗ್ಗವೆಂದು ಅವರಿಗೆ ತಿಳಿಯಿತು. ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಕಟ್ಟಲು ಶುರುಮಾಡಿದರು. ಗುತ್ತಿಗೆದಾರ, ಇವರ ಕೈಯಲ್ಲಿ ಬೇಡ ಎಂದ. ಯಾಕೆ, ಬರೀ ಆಳೆತ್ತರ ತಾನೇ, ಬಿಚ್ಚಿದರೂ ನಿಂತೇ ಇಳಿಯುತ್ತೀರಿ ಎಂದೆ. ಹಿರಿಯರು ಹತ್ತಿರ ಬಂದು ಗಂಟನ್ನು ಮೂಸಿ ನೋಡುವಷ್ಟು ಬಾಗಿ ಪರೀಕ್ಷಿಸಿ, ಗಂಟು ಸರಿ ಇದೆ ಎಂದರು. ಕಷ್ಟಪಟ್ಟು ಹೇಳಿದರು, ಆದರೆ ಹೇಳಿದರು.

ಡ್ರೈವರ್ ಮತ್ತು ಇತರರು ಜಗ್ಗಿದರು. ಆಳೆತ್ತರದಲ್ಲಿ ಗುತ್ತಿಗೆದಾರ ಕೈಬೀಸಿ ಸಾಕು ಎಂದ. ಜಗ್ಗಿ ಎಂದೆ ನಾನು. ಡ್ರೈವರ್ ನನಗಿಂತ ಮುಂಚೆಯೇ ಜಗ್ಗುತ್ತಿದ್ದ. ತಗಡಿನ ಮಟ್ಟಕ್ಕೆ ಬಂದಾಗ ಕಾಂಡದ ಸುತ್ತುಗಳನ್ನು ಬಿಗಿ ಮಾಡಿ ನಿಲ್ಲಿಸಿದೆ. ಭಾವ ಬಿದ್ದದ್ದು ಸುಮಾರು ಅಷ್ಟೇ ಎತ್ತರದಿಂದ. ಅದನ್ನು ಹಿರಿಯರಿಗೆ ಹೇಳಿದೆ. ಅವರು ನನ್ನನ್ನು ತಡೆಯಲು ಎತ್ತಿದ್ದ ಕೈಯನ್ನು ಇಳಿಸಿದರು.

"ಗಂಟು ನೋಡ್ಕೋರಿ ಮಾಲಕ್ರ. ಬಿಚ್ಚಾಕತ್ತೈತೇನು?" ಎಂದು ಕೂಗಿದೆ.

ಅವನು ಗಂಟನ್ನು ನೋಡಲಿಲ್ಲ. ಅದು ಅವನ ಹೊಟ್ಟೆಯ ಮುಂದೆಯೇ ಇತ್ತು, ಕಣ್ಣು ತಗ್ಗಿಸಿದರೆ ಕಾಣುತ್ತಿತ್ತು. ಅವನು ನೋಡುತ್ತಿದ್ದದ್ದು ಗಂಟಿನ ಮೇಲಿನ ಹಗ್ಗವನ್ನು. ಕೈಯೆತ್ತಿ ಅದನ್ನು ತಡವುತ್ತಿದ್ದ, ಹಿಡಿಯಲೂ ಹೆದರಿ ಬಿಡುತ್ತಿದ್ದ. ಗಂಟು ಬಿಚ್ಚಿ ಒಬ್ಬ ಬಿದ್ದದ್ದನ್ನು ಕಂಡವನು ಗಂಟನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಾನೆ. ಇದನ್ನು ಕೆಳಗಿದ್ದ ಹತ್ತುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿರಿಯರ ಮುಖ ಕಪ್ಪಿಟ್ಟಿತು.

ನನಗೆ ಅಷ್ಟು ಸಾಕಾಗಲಿಲ್ಲ. ಕಾಂಡದಿಂದ ಒಂದು ಸುತ್ತು ಬಿಡಿಸಿದೆ. ಅವನು ಒಂದು ಮೊಳ ಜಾರಿ ಗಕ್ಕನೆ ನಿಂತ. ಹಾಗೆ ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಆ ಒಂದು ಮೊಳಕ್ಕಾಗಿ ನಾನು ಎಷ್ಟು ದಿನ ಅವನ ಚಹಾ ಕುಡಿದಿದ್ದೆ. ಅವನು ಮೊದಲು ಬೈದ, ಪೊಲೀಸರ ಹೆಸರು ಹೇಳಿದ, ನನ್ನ ಮನೆತನದ ಹೆಸರೆತ್ತಿದ. ಆಮೇಲೆ ಧ್ವನಿ ಒಡೆಯಿತು.

"ಈ ಹಗ್ಗಾ ಬ್ಯಾಡ್ರೋ. ಇಳಸ್ರಿ. ಬ್ಯಾಟರಿ ನೀರಾಗ ನೆಂದೈತಿ ಇದು."

ಹಿರಿಯರು ಕತ್ತೆತ್ತಿ, ಯಾವಾಗ ನೆಂದಿತು ಎಂದು ಕೇಳಿದರು. ನಾನು ಕಾಂಡದ ಮೇಲೆ ಕೈಯಿಟ್ಟೆ.

"ಅವ್ರು ಬೀಳೂ ಮೊದ್ಲ," ಎಂದ. "ತೊಳಸಿದ್ದೆ ನಾ. ಒಣಗ್ಸಿದ್ದೆ."

ತೊಳೆಸಿದ್ದನಂತೆ. ಒಬ್ಬ ಮನುಷ್ಯನ ಸೊಂಟಕ್ಕೆ ಅವನ ಬಳಿ ಇದ್ದ ಉತ್ತರ ಅದೊಂದೇ. ಹಾವೇರಿಯ ಒಬ್ಬ ಹತ್ತುವವ ಥೂ ಎಂದು ಉಗುಳಿ ಹೋಗಿ ಟೆಂಪೊಗೆ ಒರಗಿ ನಿಂತ.

ಎಲ್ಲರೂ ಭಾವನ ಕಡೆ ತಿರುಗಿದರು. ನಮ್ಮಲ್ಲಿ ಗಂಟು ಕಟ್ಟಿದವರು ಹೇಳಿದ ಮೇಲೆಯೇ ತೂಕದವನನ್ನು ಇಳಿಸುವುದು. ಈ ಮನುಷ್ಯ ಈಗ ದೊಡ್ಡ ಮನಸ್ಸು ಮಾಡಿ ಇಳಿಸು ಎನ್ನುತ್ತಾರೆ, ನಾನು ಇಷ್ಟು ದಿನ ಕಾಯ್ದುಕೊಂಡದ್ದು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ ಎಂದುಕೊಂಡೆ.

ಭಾವ ಹಮಾಲನೊಬ್ಬನ ಕಡೆ ನೋಡಿ, ಒಂದು ಚಹಾ ತರಿಸಪ್ಪ ಎಂದರು.

ಚಹಾ ಬರಲು ಅಂಗಡಿಯವರೆಗೆ ಹೋಗಿ ಬರಬೇಕು. ಬಂತು. ಬಿಸಿಯಿತ್ತು. ಭಾವ ಊದಿ ಊದಿ ಗುಟುಕರಿಸಿದರು. ಮೇಲೆ ಗುತ್ತಿಗೆದಾರ ನಿಧಾನವಾಗಿ ಒಂದು ಸುತ್ತು ತಿರುಗಿದ, ಮತ್ತೆ ಇನ್ನೊಂದು ಕಡೆ ತಿರುಗಿದ, ಅಳುತ್ತಿದ್ದ. ಗ್ಲಾಸಿನ ತಳದ ಚಹಾವನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, ಗ್ಲಾಸನ್ನು ವಾಪಸ್ ಕೊಟ್ಟ ಮೇಲೆ ಭಾವ ನನಗೆ ಇಳಿಸು ಎಂದರು. ಅಷ್ಟು ವರ್ಷ ಅವರ ಮನೆಯಲ್ಲೇ ಉಂಡಿದ್ದರೂ ಆ ಮನುಷ್ಯನ ಅರ್ಧವನ್ನೂ ನಾನು ಕಂಡಿರಲಿಲ್ಲ.

ಇಳಿದವನು ಬೆಲ್ಟಿನಿಂದ ಬಿಡಿಸಿಕೊಳ್ಳಲು ಡ್ರೈವರನನ್ನು ಕರೆದ. ಭಾವ ಕೋಲಿನಿಂದ ಡ್ರೈವರನನ್ನು ತಡೆದರು.

"ನೀವ ಬಿಚ್ಚ್ರಿ. ತಾನ ಬಿಚ್ಚೂ ಗಂಟ ಅಲ್ಲೇನ್ರಿ ಅದು."

ಎಂಟರ ಗಂಟು ಭಾರ ಹೊತ್ತ ಮೇಲೆ ಕಲ್ಲಾಗುತ್ತದೆ. ಅದರ ಬೆನ್ನು ಎಲ್ಲಿ ಮುರಿಯಬೇಕೆಂದು ಗೊತ್ತಿದ್ದರೆ ಎರಡು ಬೆರಳು ಸಾಕು, ಗೊತ್ತಿಲ್ಲದವನಿಗೆ ಹತ್ತು ಬೆರಳೂ ಸಾಲುವುದಿಲ್ಲ. ಅವನು ಮಣ್ಣಿನಲ್ಲಿ ಕೂತು ಉಗುರು ಹಾಕಿದ, ಜಗ್ಗಿದ, ಕೊನೆಗೆ ಹಲ್ಲೂ ಹಾಕಿದ. ಬಿಚ್ಚಿಕೊಂಡಿತೆಂದು ಮೂರೂರಿಗೆ ಸಾರಿದ ಗಂಟು ಅವನ ಹೊಟ್ಟೆಯ ಮೇಲೆ ಕೂತಲ್ಲೇ ಕೂತಿತ್ತು. ಹಮಾಲರು ನಗಲು ಶುರುಮಾಡಿದರು. ಕೊನೆಗೆ ಬೆಲ್ಟನ್ನೇ ತೊಡೆಯಿಂದ ಕೆಳಗೆ ತಳ್ಳಿ, ಗಂಟಿನ ಸಮೇತ ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆದ.

ಹಿರಿಯರು ಬೆಲ್ಟನ್ನು ಎತ್ತಿ ಮಣ್ಣು ಕೊಡವಿ ಭಾವನ ತೊಡೆಯ ಮೇಲಿಟ್ಟರು. ಆಮೇಲೆ ಮೆಲ್ಲಗೆ, ನಾಳೆಯಿಂದ ನಮ್ಮ ಗ್ಯಾಂಗಿಗೆ ಬರ್ರಿ, ಹುಡುಗರ ಗಂಟು ನೀವೇ ನೋಡ್ರಿ ಎಂದರು.

ಭಾವ ಹೆಬ್ಬೆರಳಿನಿಂದ ಗಂಟಿನ ಬೆನ್ನು ಮುರಿದು, ಎಳೆ ಎಳೆಯಾಗಿ ಬಿಡಿಸಿ, ಹಗ್ಗವನ್ನು ನನ್ನ ಕಡೆ ಎಸೆದರು. ಕೋಲು ಹಿಡಿದು ಎದ್ದರು.

"ನಾ ನಿಮ್ಮ ಮನಿಗೆ ಬಂದು ಕೇಳಿದ್ದೆ," ಎಂದರು ಹಿರಿಯರಿಗೆ. "ನೀವೂ ನಮ್ಮ ಮನಿಗೆ ಬಂದು ಕೇಳ್ರಿ."